ಬಿದ್ದವನ ಪ್ರಶ್ನೆ

1877ರ ಹೊತ್ತಿಗೆ ಟೋಕಿಯೋದಲ್ಲಿ ಜುಜುತ್ಸು ಕಲಿಯಲು ಸೇರಿದ ಕಾನೋ ಜಿಗೊರೊ ಎಂಬ ಹುಡುಗನನ್ನು ಗುರು ಫುಕುದಾ ಹಚಿನೊಸುಕೆ ಒಂದು ಪಟ್ಟು ಹಾಕಿ ಕೆಡವಿದರು. ಹುಡುಗ ಎದ್ದವನೇ, ಈ ಪಟ್ಟನ್ನು ಹೇಗೆ ಹಾಕುವುದು ಎಂದು ಕೇಳಿದ. ಗುರು ಬಾ ಎಂದು ಕರೆದು ಮತ್ತೆ ಕೆಡವಿದರು. ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು ಎಂದು ಕೇಳಿದ, ಮತ್ತೆ ಕೆಡವಿದರು. ಹೇಳಿದರೆ ತಿಳಿಯುವಂಥದ್ದಲ್ಲ, ಮಾಡುತ್ತ ಹೋದರೆ ತಾನಾಗಿ ಬರುತ್ತದೆ ಎಂಬುದು ಅವರು ಕೊನೆಗೆ ಕೊಟ್ಟ ಉತ್ತರ. ಮುಂದೆ ಜೂಡೋ ಕಟ್ಟಿದ ಕಾನೋ ತಾನೇ ನೆನೆದು ಹೇಳಿದ ಪ್ರಸಂಗವಿದು.

ಆ ಗುರುವನ್ನು ಒರಟ ಎನ್ನಲು ನನಗೆ ಮನಸ್ಸಾಗದು. ನಮ್ಮ ಗರಡಿಯ ಉಸ್ತಾದರೂ ಹೆಚ್ಚಾಗಿ ಹೀಗೇ ಕಲಿಸಿದವರು. ಬಸ್ಕಿ ಹೊಡೆದು ಹೊಡೆದು ತೊಡೆಗೆ ದಕ್ಕುವುದನ್ನು ಬಾಯಿಂದ ದಾಟಿಸಲಾಗದು. ಮೈ ದಣಿಯದವನು ಕೇಳುವ ಪ್ರಶ್ನೆ ಬರೀ ಕುತೂಹಲ. ಮತ್ತೆ ಮತ್ತೆ ನೆಲ ಕಂಡವನ ಪ್ರಶ್ನೆಯೇ ಬೇರೆ; ಅದಕ್ಕೆ ಉತ್ತರ ಸಿಗುವವರೆಗೆ ಅವನಿಗೆ ನಿದ್ದೆ ಬಾರದು.

ಕಾನೋಗೂ ಹಾಗೇ ಆಯಿತು. ಫುಕುಶಿಮಾ ಎಂಬ ಭಾರೀ ಆಳನ್ನು ಎಷ್ಟು ಹೆಣಗಿದರೂ ಕೆಡವಲಾಗಲಿಲ್ಲ. ಸುಮೋದ ಪಟ್ಟುಗಳನ್ನು ಕಲಿತು ನೋಡಿದ, ಫಲಿಸಲಿಲ್ಲ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತಿರುವಿದ. ಎದುರಾಳಿಯನ್ನು ಹೆಗಲ ಮೇಲೆ ಅಡ್ಡಡ್ಡ ಹೊತ್ತು ಉರುಳಿಸುವ ಪಟ್ಟೊಂದು ಅಲ್ಲಿ ಕಂಡಿತು. ಅದನ್ನು ಗೆಳೆಯರ ಮೇಲೆ ಮಾಡಿ ನೋಡಿ, ಪಳಗಿಸಿಕೊಂಡು ಬಂದು ಫುಕುಶಿಮಾನನ್ನು ಕೆಡವಿದ. ಅವನನ್ನು ಪುಸ್ತಕದವರೆಗೆ ನಡೆಸಿದ್ದು ಸೋತ ಮೈ. ಬೆಳಿಗ್ಗೆ ಸಾಮು, ಸಂಜೆ ಓದು ಎಂದು ದಿನವನ್ನು ಪಾಲು ಮಾಡಿದರೆ ಸಮತೋಲ ಬಂದೀತು ಎಂದುಕೊಳ್ಳುವವರು ಇದನ್ನು ಯೋಚಿಸಬೇಕು.

ಇದಕ್ಕಿಂತ ಆಳವಾದದ್ದು 1885ರ ಸುಮಾರಿಗೆ ನಡೆಯಿತು. ಕಿತೊ ಪರಂಪರೆಯ ಗುರು ಈಕುಬೊ ತ್ಸುನೆತೊಶಿ 50 ದಾಟಿದವರು, ಆದರೂ ಕಾನೋನನ್ನು ಸಲೀಸಾಗಿ ಎಸೆಯುತ್ತಿದ್ದರು. ಒಂದು ದಿನ ಅವರ ಪಟ್ಟುಗಳು ನಾಟಲಿಲ್ಲ. ಕಾನೋನವು ಒಂದಾದ ಮೇಲೊಂದು ನಾಟಿದವು. ಏನಾಯಿತು ಎಂದು ಗುರುವೇ ಕೇಳಿದರು. ತಳ್ಳಿದರೆ ಎದುರಾಳಿ ತಿರುಗಿ ತಳ್ಳುತ್ತಾನೆ, ಎಳೆದರೆ ಹಿಂದಕ್ಕೆ ಜಗ್ಗುತ್ತಾನೆ, ಆ ಗಳಿಗೆಯಲ್ಲಿ ಅವನ ಆಯ ತಪ್ಪುತ್ತದೆ. ಮೊದಲು ಆಯ ತಪ್ಪಿಸಿ ಆಮೇಲೆ ಎಸೆಯಬೇಕು ಎಂದು ಶಿಷ್ಯ ವಿವರಿಸಿದ. ಇನ್ನು ನಿನಗೆ ಕಲಿಸುವುದೇನೂ ಇಲ್ಲ ಎಂದು ಗುರು ಒಪ್ಪಿಕೊಂಡರು. ಜೂಡೋದವರು ಕುಜುಶಿ ಎನ್ನುವುದು ಹೀಗೆ ಆಯ ತಪ್ಪಿಸುವುದನ್ನೇ.

ಇದು ಕೂತು ಯೋಚಿಸಿ ಹೊಳೆದದ್ದಲ್ಲ. ವರ್ಷಗಟ್ಟಲೆ ಎದುರಾಳಿಯ ಅಂಗಿ ಹಿಡಿದ ಅಂಗೈಗೆ ಮೊದಲೇ ತಿಳಿದಿರಬೇಕು. ಮನಸ್ಸು ಮಾಡಿದ್ದು ಅದನ್ನು ಗುರುತಿಸುವ ಕೆಲಸ. ಆದರೆ ಆ ಕೆಲಸ ನಡೆಯದಿದ್ದರೆ, ಅಂಗೈ ಬಲ್ಲದ್ದು ಆ ಮನುಷ್ಯನ ಜೊತೆಗೇ ಮಣ್ಣಾಗುತ್ತದೆ. ಎಷ್ಟು ಉಸ್ತಾದರ ಜೊತೆ ಎಷ್ಟು ವಿದ್ಯೆ ಹೀಗೆ ಹೋಗಿದೆಯೋ! ಕಲಿಗೆ ಚಿಂತನೆ ಬೇಕಾಗುವುದು ಗೆಲ್ಲುವುದಕ್ಕಿಂತ ಹೆಚ್ಚಾಗಿ ಇದಕ್ಕೇ ಎಂದು ನನ್ನ ನಂಬಿಕೆ.

ಈ ಘಟನೆಗೂ ಮೊದಲೇ, 1882ರಲ್ಲಿ, ಟೋಕಿಯೋದ ಏಶೋಜಿ ದೇಗುಲದಲ್ಲಿ, 12 ಚಾಪೆಗಳಷ್ಟು ಜಾಗದಲ್ಲಿ ಕಾನೋ ಕೊದೊಕಾನ್ ಶಾಲೆ ತೆರೆದ. ಅವನ ಕ್ರಮದಲ್ಲಿ ಕಲಿಕೆಗೆ ನಾಲ್ಕು ದಾರಿ: ಕಟ್ಟುನಿಟ್ಟಿನ ವರಸೆಗಳ ಕಾತಾ, ಮುಕ್ತ ಸೆಣಸಾಟದ ರಂದೊರಿ, ಉಪನ್ಯಾಸದ ಕೋಗಿ, ಪ್ರಶ್ನೋತ್ತರದ ಮೊಂದೊ. ಕೇಳಿದ್ದಕ್ಕೆ ಉತ್ತರ ಸಿಗದೆ ಬೆಳೆದವನು ಕೇಳುವುದನ್ನೇ ಪಾಠದ ಭಾಗ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. 1964ರಲ್ಲಿ ಜೂಡೋ ಒಲಿಂಪಿಕ್ಸ್ ಸೇರಿತು. ಪದಕ, ಬೆಲ್ಟುಗಳ ಅವಸರದಲ್ಲಿ ಕೊನೆಯ ಎರಡು ದಾರಿಗಳಲ್ಲಿ ಹುಲ್ಲು ಬೆಳೆದಿದೆ.

ಜೂಡೋ ಇರಲಿ, ಕರಾಟೆ ಇರಲಿ, ಕುಸ್ತಿ ಇರಲಿ, ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಅಭ್ಯಾಸ ಮುಗಿದ ಕೂಡಲೇ, ಬೆವರು ಆರುವ ಮುಂಚೆ, ಮಕ್ಕಳನ್ನು ಹತ್ತು ನಿಮಿಷ ಅಲ್ಲೇ ಕೂರಿಸಿಕೊಳ್ಳಿ. ಇವತ್ತು ಯಾಕೆ ಬಿದ್ದೆ ಎಂದು ಒಬ್ಬೊಬ್ಬರನ್ನೂ ಕೇಳಿ. ಉತ್ತರವನ್ನು ನೀವೇ ಹೇಳಲು ಹೋಗಬೇಡಿ.