ಒತ್ತಕ್ಷರ ಕಾಣದ ಪರದೆ

ಹಬ್ಬದ ಹೊತ್ತಿಗೆ ಮನೆಗೆ ದೊಡ್ಡ ಟಿವಿ ಬರುವುದು ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಕಂತಿನ ಸಾಲದಲ್ಲೋ, ಮಗಳ ಮೊದಲ ಸಂಬಳದಲ್ಲೋ, ಅಡಿಕೆ ಮಾರಿದ ದುಡ್ಡಿನಲ್ಲೋ 43 ಇಂಚಿನ ಪರದೆ ಗೋಡೆಗೇರುತ್ತದೆ. ಅಂಗಡಿಯಲ್ಲಿ ಅದರ ಮೇಲೆ ಕಂಡದ್ದು ಎಲೆಯ ಮೇಲಿನ ನೀರಹನಿ, ಗಿಳಿಯ ರೆಕ್ಕೆಯ ಒಂದೊಂದು ಎಳೆ. ಮನೆಯಲ್ಲಿ ಕೇಬಲ್ ಜೋಡಿಸಿ ಸಂಜೆಯ ಧಾರಾವಾಹಿ ಹಾಕಿದರೆ ನಾಯಕಿಯ ಮುಖ ಅಡ್ಡಡ್ಡ ಹಿಗ್ಗಿದೆ, ಸೀರೆಯ ಜರಿ ಕಲಸಿಹೋಗಿದೆ, ಕ್ರಿಕೆಟ್ ಹಾಕಿದರೆ ಚೆಂಡು ಎಲ್ಲಿದೆಯೋ ತಿಳಿಯದು. ಹಳೆಯ ಟಿವಿಯೇ ಇದಕ್ಕಿಂತ ಚೆನ್ನಾಗಿತ್ತು ಎಂದು ಮನೆಯವರು ಹೇಳತೊಡಗುತ್ತಾರೆ.

ಅವರು ಹೇಳುವುದು ನಿಜ. ನಾವು ಎಸ್‌ಡಿ ಎಂದು ಕರೆಯುವ ಮಾಮೂಲಿ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳಿರುತ್ತವೆ. ಒಟ್ಟು ಸುಮಾರು 4 ಲಕ್ಷ. ಎಚ್‌ಡಿ ಚಿತ್ರದಲ್ಲಿ 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಹೆಚ್ಚು. ಸರಿಯಾಗಿ ಐದು ಪಟ್ಟು. ಹಳೆಯ 21 ಇಂಚಿನ ಡಬ್ಬಾ ಟಿವಿಗೆ ಆ 4 ಲಕ್ಷ ಸಾಕಾಗುತ್ತಿತ್ತು. ದೊಡ್ಡ ಪರದೆ ಅದೇ 4 ಲಕ್ಷ ಚುಕ್ಕಿಗಳನ್ನು ಎಳೆದು ಹಿಗ್ಗಿಸಿ ತನ್ನ ಮೈತುಂಬ ಹರಡಿಕೊಳ್ಳಬೇಕು. ಪರದೆ ದೊಡ್ಡದಾದಷ್ಟೂ ಕೊರತೆ ಎದ್ದು ಕಾಣುತ್ತದೆ. ಅದರ ಮೇಲೆ, ಒಂದೇ ತಂತಿಯಲ್ಲಿ ಹೆಚ್ಚು ಚಾನೆಲ್ ತುಂಬಿಸಲು ಚಿತ್ರವನ್ನು ಇನ್ನಷ್ಟು ಹಿಂಡಿ ಕಳಿಸಿದರೆ, ಆ 4 ಲಕ್ಷದಲ್ಲೂ ಬಹುಪಾಲು ಮಸುಕೇ.

ಇದರ ಪೆಟ್ಟು ಕನ್ನಡದ ಓದುಗನಿಗೆ ಬೇರೆಯೇ ರೀತಿಯಲ್ಲಿ ಬೀಳುತ್ತದೆ. ಪರದೆಯ ಅಡಿಯಲ್ಲಿ ಸುದ್ದಿಯ ಪಟ್ಟಿ ಓಡುತ್ತಿರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಸ್ವಲ್ಪ ಮಸುಕಾದರೂ ಗುರುತು ಸಿಗುತ್ತದೆ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೊಂದು ಒತ್ತು, ಮೇಲೊಂದು ಗುಡಿಸು, ಪಕ್ಕದಲ್ಲೊಂದು ದೀರ್ಘ. ಚಿತ್ರ ಹಿಗ್ಗಿ ಕಲಸಿದಾಗ ಮೊದಲು ಅಳಿಸಿಹೋಗುವುದು ಒತ್ತಕ್ಷರ. ಜಿಲ್ಲೆಯ ಹೆಸರು, ಜಲಾಶಯದ ನೀರಿನ ಮಟ್ಟ, ಪರೀಕ್ಷೆಯ ದಿನಾಂಕ, ಈರುಳ್ಳಿ ಧಾರಣೆ, ಎಲ್ಲವೂ ಆ ಪಟ್ಟಿಯಲ್ಲೇ ಓಡುವುದು. ಕನ್ನಡದ ಸುದ್ದಿ ವಾಹಿನಿಗಳನ್ನು ನಾವು ವರ್ಷಗಟ್ಟಲೆ ನೋಡುತ್ತ ಬಂದಿರುವುದು ಎಸ್‌ಡಿಯಲ್ಲೇ. ಚಿತ್ರ ನಿಚ್ಚಳವಾಗಿರಲಿ ಎನ್ನುವುದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಶಿವಮೊಗ್ಗದಲ್ಲಿರುವ ನನ್ನ ದೊಡ್ಡಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಮಕ್ಕಳು ದೊಡ್ಡ ಟಿವಿ ತಂದುಕೊಟ್ಟರು. ಎಚ್‌ಡಿ ಬಾಕ್ಸಿಗೆ ದುಡ್ಡು ಕಟ್ಟಿದರು, ಎಚ್‌ಡಿ ಪ್ಯಾಕಿಗೂ ಕಟ್ಟಿದರು. ಆದರೂ ಅವರು ನೋಡುತ್ತಿದ್ದ ವಾಹಿನಿ ಮಸುಕಾಗಿಯೇ ಇತ್ತು. ಕಣ್ಣೇ ಮತ್ತೆ ಕೆಟ್ಟಿತೇನೋ ಎಂದು ಅವರು ಕೆಲವು ದಿನ ಯಾರಿಗೂ ಹೇಳದೆ ಅಂಜಿಕೊಂಡಿದ್ದರು. ಕೊನೆಗೆ ಕೇಬಲ್ ಹುಡುಗನನ್ನು ಕರೆಸಿ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಆ ಚಾನೆಲ್ ಎಚ್‌ಡಿ ಮೇಲಿಂದಾನೇ ಬರ್ತಿಲ್ಲ ಅಮ್ಮ. ನಮ್ ಕೈಲೇನಿಲ್ಲ."

ಅವನು ಸುಳ್ಳು ಹೇಳಲಿಲ್ಲ. ವಾಹಿನಿಯವರು ಉಪಗ್ರಹಕ್ಕೆ ಏರಿಸಿದ ಚಿತ್ರವನ್ನು ಇಳಿಸಿಕೊಳ್ಳುವುದು ಎಂಎಸ್‌ಒ ಎಂಬ ದೊಡ್ಡ ಕೇಬಲ್ ಕಂಪನಿ. ಅದರ ಹೆಡ್‌ಎಂಡ್ ಎಂಬ ಮೂಲ ಕೇಂದ್ರದಿಂದ ಫೈಬರ್ ಮೂಲಕ ಊರಿಗೆ ಬಂದ ಸಿಗ್ನಲ್ಲನ್ನು ಕಂಬದಿಂದ ಕಂಬಕ್ಕೆ ಎಳೆದು ಮನೆಗೆ ಮುಟ್ಟಿಸುವವನು ಬಡಾವಣೆಯ ಆಪರೇಟರ್. ತಿಂಗಳ ದುಡ್ಡು ಇಸಿದುಕೊಳ್ಳುವವನೂ, ಮಳೆಯಲ್ಲಿ ಏಣಿ ಹತ್ತುವವನೂ, ಬೈಸಿಕೊಳ್ಳುವವನೂ ಅವನೇ. ಯಾವ ಚಾನೆಲ್ ಎಚ್‌ಡಿಯಲ್ಲಿ ಬರಬೇಕು ಎಂಬ ತೀರ್ಮಾನ ಮಾತ್ರ ಅವನದಲ್ಲ. ತೀರ್ಮಾನ ಮಾಡುವವರ ಮುಖವನ್ನು ಗ್ರಾಹಕ ಎಂದೂ ನೋಡುವುದಿಲ್ಲ. ವಾಹಿನಿಯನ್ನು ಕೇಳಿದರೆ ನಿಮ್ಮ ಕೇಬಲ್‌ನವರನ್ನು ಕೇಳಿ ಎನ್ನುತ್ತಾರೆ, ಕೇಬಲ್ ಕಂಪನಿಯನ್ನು ಕೇಳಿದರೆ ವಾಹಿನಿಯ ಜೊತೆ ಮಾತುಕತೆ ನಡೆದಿದೆ ಎನ್ನುತ್ತಾರೆ.

ಮೇಲಿಂದ ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಜಾಗದ ಲೆಕ್ಕವೊಂದಿದೆ. ಕೇಬಲ್ ತಂತಿಯಲ್ಲಿ ಚಾನೆಲ್‌ಗಳು 8 ಮೆಗಾಹರ್ಟ್ಸ್ ಅಗಲದ ಪಟ್ಟಿಗಳಲ್ಲಿ ಸಾಗುತ್ತವೆ. ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹಿಡಿಸುತ್ತದೆ. ಒಂದು ಒಳ್ಳೆಯ ಎಚ್‌ಡಿ ಚಾನೆಲ್ ಕೂರುವ ಜಾಗದಲ್ಲಿ ಮೂರೋ ನಾಲ್ಕೋ ಎಸ್‌ಡಿ ಚಾನೆಲ್ ಕೂರಿಸಬಹುದು. ತಮ್ಮನ್ನು ತಂತಿಗೆ ಹಾಕಿಕೊಳ್ಳಿ ಎಂದು ಕೇಬಲ್ ಕಂಪನಿಗೆ ಕ್ಯಾರೇಜ್ ಶುಲ್ಕ ಕೊಡುವ ಚಾನೆಲ್‌ಗಳೂ ಇವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಮಾಡಿದ ನಿಯಮದಲ್ಲಿ ಈ ಶುಲ್ಕಕ್ಕೆ ಮಿತಿ ಹಾಕಿತ್ತು: ಒಬ್ಬ ಗ್ರಾಹಕನ ಲೆಕ್ಕಕ್ಕೆ ತಿಂಗಳಿಗೆ ಎಸ್‌ಡಿಗೆ 20 ಪೈಸೆ, ಎಚ್‌ಡಿಗೆ 40 ಪೈಸೆ. ಎರಡು ಪಟ್ಟು ಶುಲ್ಕಕ್ಕೆ ಮೂರು ನಾಲ್ಕು ಪಟ್ಟು ಜಾಗ ಕೊಡಲು ವ್ಯಾಪಾರಿಗೆ ಮನಸ್ಸು ಬರುತ್ತಿರಲಿಲ್ಲ. ಜೊತೆಗೆ, ಜನ ಎಚ್‌ಡಿ ಕೇಳುತ್ತಿಲ್ಲ ಎಂಬ ವಾದ ಬೇರೆ. ಕೇಳುವುದು ಹೇಗೆ? ಬೆಂಗಳೂರು, ಮೈಸೂರುಗಳಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾದದ್ದು 2013ರ ಮಾರ್ಚ್ 31ರ ಗಡುವಿನಲ್ಲಿ. ಸಣ್ಣ ಊರು, ಹಳ್ಳಿಗಳವರೆಗೆ ಅದು ಮುಟ್ಟಲು 2017ರ ಮಾರ್ಚ್ ಆಯಿತು. ಆಗ ಬಹುಪಾಲು ಮನೆಗಳ ಬಾಗಿಲಿಗೆ ಬಂದದ್ದು ಅಗ್ಗದ ಎಸ್‌ಡಿ ಬಾಕ್ಸ್. ಆ ಬಾಕ್ಸಿಗೆ ಎಚ್‌ಡಿ ಕಳಿಸಿದರೂ ಬಿಡಿಸಿಕೊಳ್ಳಲು ಬಾರದು. ಇರುವ ಬಾಕ್ಸ್ ಬದಲಿಸಲು ಮತ್ತೆ ದುಡ್ಡು ಕೊಡಿ ಎಂದರೆ ಜನ ಹಿಂಜರಿಯದೆ ಇರುತ್ತಾರೆಯೇ?

ಕನ್ನಡದ ಪಾಲಿಗೆ ತಡವಾದದ್ದು ತಂತಿಯಲ್ಲಿ ಮಾತ್ರವಲ್ಲ. ಸನ್ ಬಳಗ ತಮಿಳಿನ ಸನ್ ಟಿವಿ, ಕೆಟಿವಿಗಳಿಗೂ ತೆಲುಗಿನ ಜೆಮಿನಿ ಟಿವಿಗೂ 2011ರಲ್ಲೇ ಎಚ್‌ಡಿ ರೂಪ ಕೊಟ್ಟಿತು. ಅದೇ ಬಳಗದ ಉದಯ ಟಿವಿ, 1994ರಿಂದ ಕನ್ನಡಿಗರ ಮನೆಯಲ್ಲಿದ್ದ ವಾಹಿನಿ, 2017ರವರೆಗೆ ಕಾಯಬೇಕಾಯಿತು. ಕಲರ್ಸ್ ಕನ್ನಡದ ಎಚ್‌ಡಿ ಬಂದದ್ದು 2016ರಲ್ಲಿ, ಸ್ಟಾರ್ ಸುವರ್ಣದ್ದು 2017ರಲ್ಲಿ, ಜೀ ಕನ್ನಡದ್ದು 2018ರಲ್ಲಿ. ಕ್ರಿಕೆಟ್ಟಿನ ವಿಷಯವಂತೂ ಇನ್ನೂ ನೋವಿನದು. ಕನ್ನಡದಲ್ಲೇ ವೀಕ್ಷಕ ವಿವರಣೆ ಕೊಡುವ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ 2018ರ ಡಿಸೆಂಬರಿನಲ್ಲಿ ಶುರುವಾದಾಗ ಎಷ್ಟು ಮನೆಗಳಲ್ಲಿ ಸಂಭ್ರಮವಿತ್ತು! 2023ರ ಮಾರ್ಚಿನಲ್ಲಿ, ಐಪಿಎಲ್‌ಗೆ ಮುಂಚೆ, ಅದೇ ಸರಣಿಯ ತಮಿಳು, ತೆಲುಗು ವಾಹಿನಿಗಳಿಗೆ ಎಚ್‌ಡಿ ಬಂತು. ಕನ್ನಡದ್ದು ಅಂದು ಎಸ್‌ಡಿಯಲ್ಲೇ ಉಳಿಯಿತು. ನಮ್ಮ ಮಾತಿನಲ್ಲಿ ವಿವರಣೆ ಕೇಳಬೇಕೆಂದರೆ ಮಸುಕು ಚಿತ್ರ, ಚಿತ್ರ ಚೆನ್ನಾಗಿರಬೇಕೆಂದರೆ ಇಂಗ್ಲಿಷೋ ಹಿಂದಿಯೋ. ಚಿನ್ನಸ್ವಾಮಿ ಕ್ರೀಡಾಂಗಣ ಇರುವ ನಾಡಿನ ಪ್ರೇಕ್ಷಕನ ಮುಂದೆ ಇಂಥ ಆಯ್ಕೆ ಇಡಬಾರದಿತ್ತು.

ದುಡ್ಡಿನ ಲೆಕ್ಕವನ್ನು ನೇರ ಮಾಡಲು ಟ್ರಾಯ್ ಪ್ರಯತ್ನಿಸಿದ್ದು ಹೌದು. 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ 100 ಎಸ್‌ಡಿ ಚಾನೆಲ್‌ಗಳ ಸಂಪರ್ಕಕ್ಕೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಮಿಕ್ಕಂತೆ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸಿ ಅದರ ಬೆಲೆ ಕೊಟ್ಟರಾಯಿತು. ಆ ನೂರರ ಲೆಕ್ಕದಲ್ಲಿ ಒಂದು ಎಚ್‌ಡಿ ಎಂದರೆ ಎರಡು ಎಸ್‌ಡಿಗೆ ಸಮ. ವಾಹಿನಿಯವರು ಕಟ್ಟುವ ಗೊಂಚಲಿನಲ್ಲಿ ಒಂದೇ ಚಾನೆಲ್ಲಿನ ಎಸ್‌ಡಿ, ಎಚ್‌ಡಿ ಎರಡನ್ನೂ ತುರುಕಬಾರದು ಎಂಬ ಕಟ್ಟಲೆಯೂ ಇತ್ತು. ಒಳ್ಳೆಯ ಉದ್ದೇಶವೇ. ಆದರೆ ಬಿಡಿಯಾಗಿ ಆರಿಸುವ ಚೀಟಿ ಎಷ್ಟು ಮನೆಗಳಿಗೆ ಬಂತು? ಆಪರೇಟರ್ ಕಟ್ಟಿಕೊಟ್ಟ ಪ್ಯಾಕನ್ನೇ ಬಹುತೇಕರು ಒಪ್ಪಿಕೊಂಡರು. 2020ರಲ್ಲಿ ಆ ನೂರು ಚಾನೆಲ್ ಇನ್ನೂರಾಯಿತು. 2024ರ ಜುಲೈನಲ್ಲಿ ಸಂಪರ್ಕ ಶುಲ್ಕದ ಮೇಲಿನ ಮಿತಿಯನ್ನೇ ತೆಗೆದುಹಾಕಿ ಕಂಪನಿಗಳ ವಿವೇಚನೆಗೆ ಬಿಡಲಾಯಿತು.

ಇಷ್ಟು ನಿಯಮಗಳ ನಡುವೆಯೂ ಗ್ರಾಹಕ ಎಲ್ಲಿ ನಿಂತಿದ್ದಾನೆ ಎಂಬುದು ತಿಳಿದದ್ದು 2023ರ ಫೆಬ್ರುವರಿ 18ರಂದು. ಹೊಸ ದರದ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಜೀ, ಸೋನಿ ಮೂರೂ ಬಳಗಗಳು ಸಿಗ್ನಲ್ ನಿಲ್ಲಿಸಿದವು. ಅಂದು ಮಹಾಶಿವರಾತ್ರಿ. ಜಾಗರಣೆಗೆಂದು ಟಿವಿ ಮುಂದೆ ಕೂರುವವರ ಮನೆಗಳಲ್ಲಿ ಜೀ ಕನ್ನಡವೂ ಇಲ್ಲ, ಸುವರ್ಣವೂ ಇಲ್ಲ. ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿನ ಎರಡನೇ ದಿನ, ಅದೂ ಇಲ್ಲ. ಕೇಬಲ್ ಕಂಪನಿಗಳ ಒಕ್ಕೂಟ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 4.5 ಕೋಟಿ ಮನೆಗಳಿಗೆ ಇದರ ಬಿಸಿ ತಟ್ಟಿತ್ತು. ವಾರದೊಳಗೆ ಸಹಿ ಆಗಿ ಚಿತ್ರ ಮರಳಿತು. ಮುಂಗಡ ಹಣ ಕಟ್ಟಿದ್ದವನಿಗೆ ಹೀಗೆ ನಿಲ್ಲಿಸುತ್ತೇವೆ ಎಂದು ಮುಂಚೆ ಮನೆಗೆ ಬಂದು ಹೇಳಿದವರಿಲ್ಲ. ಜಗಳ ವಾಹಿನಿಗೂ ಕೇಬಲ್ಲಿಗೂ. ಕತ್ತಲಾದದ್ದು ಅದರಲ್ಲಿ ಪಾಲೇ ಇಲ್ಲದವರ ಪರದೆ. ಈ ಮೂರು ಬಳಗಗಳ ಬಗ್ಗೆಯಾಗಲಿ, ಕೇಬಲ್ ಕಂಪನಿಗಳ ಬಗ್ಗೆಯಾಗಲಿ ನನಗೆ ವೈರವಿಲ್ಲ. ದರದ ವ್ಯಾಜ್ಯವನ್ನು ನೋಡುಗನ ಮನೆಯೊಳಗೆ ತಂದದ್ದು ಮಾತ್ರ ಅನ್ಯಾಯ.

ಇದೆಲ್ಲ ಬೇಡವೆಂದು ಫೈಬರ್ ಇಂಟರ್ನೆಟ್ ಹಾಕಿಸಿಕೊಂಡು ಮೊಬೈಲ್ ಆ್ಯಪ್‌ಗಳಿಗೆ ಹೋದವರು ಬಹಳ. ಹೋಗಲಾರದವರು ಉಳಿದಿದ್ದಾರೆ: ರಿಮೋಟಿನ ಮೂರು ಗುಂಡಿಗಳನ್ನು ಮಾತ್ರ ಬಲ್ಲ ವಯಸ್ಸಾದವರು, ಹಾಸಿಗೆ ಹಿಡಿದವರು, ನೆಟ್‌ವರ್ಕ್ ಸಿಗದ ಮಲೆನಾಡಿನ ಒಂಟಿ ಮನೆಗಳವರು, ತಿಂಗಳಿಗೆ ಎರಡೆರಡು ಬಿಲ್ ಕಟ್ಟಲಾರದವರು. ಕೇಬಲ್ ಇಂದಿಗೂ ಮುಖ್ಯವಾಗಿ ಅವರದು.

ಅಂಥವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಟಿವಿಯ ಹಿಂದೆ ಒಮ್ಮೆ ಇಣುಕಿ ನೋಡಿ. ಹಳದಿ, ಕೆಂಪು, ಬಿಳಿ ಮೂತಿಯ ಮೂರು ತಂತಿ ಬಾಕ್ಸಿನಿಂದ ಟಿವಿಗೆ ಹೋಗಿದ್ದರೆ, ಎಚ್‌ಡಿಗೆ ಎಷ್ಟು ದುಡ್ಡು ಕೊಟ್ಟರೂ ನೀವು ನೋಡುತ್ತಿರುವುದು ಎಚ್‌ಡಿ ಅಲ್ಲ. ಆ ತಂತಿಯಲ್ಲಿ ಎಚ್‌ಡಿ ಹಾಯುವುದೇ ಇಲ್ಲ. ಅದಕ್ಕೆ ಎಚ್‌ಡಿಎಂಐ ಎಂಬ ಚಪ್ಪಟೆ ಮೂತಿಯ ಒಂದೇ ತಂತಿ ಬೇಕು. ಬಾಕ್ಸ್ ಬದಲಿಸಲು ಬಂದವರು ಗೋಡೆಗೆ ಮೊದಲೇ ಹೊಡೆದಿದ್ದ ಹಳೆಯ ತಂತಿಗೇ ಹೊಸ ಬಾಕ್ಸನ್ನು ಸಿಕ್ಕಿಸಿ ಹೋದ ಮನೆಗಳಿವೆ. ಇನ್ನೊಂದು, ಎಚ್‌ಡಿ ಚಾನೆಲ್ಲಿನ ನಂಬರೇ ಬೇರೆ. ರೂಢಿಯಾದ ಹಳೆಯ ನಂಬರ್ ಒತ್ತಿದರೆ ಬರುವುದು ಎಸ್‌ಡಿಯೇ. ದೊಡ್ಡಮ್ಮ ನೋಡುತ್ತಿದ್ದ ಇನ್ನೊಂದು ವಾಹಿನಿ ನಿಚ್ಚಳವಾದದ್ದು ಇವೆರಡನ್ನು ಸರಿಪಡಿಸಿದ ಮೇಲೆ. ತಾವು ದುಡ್ಡು ತೆರುತ್ತಿದ್ದ ಚಿತ್ರವನ್ನು ಅವರು ತಿಂಗಳುಗಟ್ಟಲೆ ನೋಡಿರಲೇ ಇಲ್ಲ.

ತಂತಿ ಸರಿಯಿದ್ದು, ನಂಬರೂ ಸರಿಯಿದ್ದು, ಚಾನೆಲ್ ಮಾತ್ರ ಬಾರದಿದ್ದರೆ ಹುಡುಗನ ಮೇಲೆ ರೇಗಬೇಡಿ. ಕೇಬಲ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ. ಅದನ್ನು ಕೊಡಲೇಬೇಕೆಂದು ಟ್ರಾಯ್ ನಿಯಮವಿದೆ. ಅಲ್ಲಿ ಬಗೆಹರಿಯದಿದ್ದರೆ ಆ ಕಂಪನಿ ರಾಜ್ಯಕ್ಕೊಬ್ಬರಂತೆ ನೇಮಿಸಬೇಕಾದ ನೋಡಲ್ ಅಧಿಕಾರಿಗೆ ಬರೆಯಿರಿ.

ಕೇಬಲ್ ಕಂಪನಿಗಳನ್ನೂ ಒಂದು ಕೇಳುವುದಿದೆ. ಕರ್ನಾಟಕದ ಮನೆಗಳಿಂದ ತಿಂಗಳು ತಿಂಗಳು ದುಡ್ಡು ಎತ್ತುವವರು ತಮ್ಮ ತಂತಿಯಲ್ಲಿ ಮೊದಲ ಜಾಗವನ್ನು ಕನ್ನಡದ ಎಚ್‌ಡಿ ವಾಹಿನಿಗಳಿಗೆ ಕೊಡಲಿ, ಕ್ಯಾರೇಜ್ ಕೊಡುವವರು ಆಮೇಲೆ ಕೂರಲಿ. ಎಚ್‌ಡಿ ಪ್ಯಾಕ್ ಮಾರುವಾಗ ಅದರಲ್ಲಿ ಯಾವ ಚಾನೆಲ್ ನಿಜಕ್ಕೂ ಎಚ್‌ಡಿಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ, ನಂಬರ್ ಎಷ್ಟು ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಆ ಹುಡುಗನ ಕೈಗೆ ಕೊಟ್ಟು ಕಳಿಸಲಿ. ಎಚ್‌ಡಿಎಂಐ ತಂತಿ ಜೋಡಿಸಿ, ಚಾನೆಲ್ ಹಾಕಿ ತೋರಿಸಿ, ಮನೆಯ ಹಿರಿಯರು ಸರಿ ಎಂದ ಮೇಲೆ ಹಣ ತೆಗೆದುಕೊಳ್ಳಲಿ.