ಶಾಲೆ ನೋಡಿ ಮನೆ ಕೊಳ್ಳುವವರು

ಹಿಂದೆ ಮನೆ ಕಟ್ಟಲು ಹೊರಟವರು ಮೊದಲು ಬಾವಿಯ ನೀರನ್ನು ರುಚಿ ನೋಡುತ್ತಿದ್ದರು. ಆಮೇಲೆ ನೆರೆಹೊರೆಯವರು ಎಂಥವರೆಂದು ವಿಚಾರಿಸುತ್ತಿದ್ದರು. ಇಂದು ಪಟ್ಟಣದಲ್ಲಿ ಮನೆ ಹುಡುಕುವ ದಂಪತಿಗಳ ಬಾಯಿಂದ ಬರುವ ಮೊದಲ ಪ್ರಶ್ನೆಯೇ ಬೇರೆ: "ಹತ್ತಿರದಲ್ಲಿ ಒಳ್ಳೆಯ ಶಾಲೆ ಯಾವುದಿದೆ?" ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ನಮ್ಮ ಮಕ್ಕಳಿಗೆ ನಾವು ಏನನ್ನು ಕೊಡಬೇಕು, ನೆರೆಯವರ ಮಕ್ಕಳಿಗೆ ನಮ್ಮಿಂದ ಏನಾದರೂ ಸಲ್ಲಬೇಕೇ ಎಂಬ ದೊಡ್ಡ ಪ್ರಶ್ನೆಯೊಂದು ಅದರೊಳಗೆ ಅಡಗಿದೆ.

ಕೆಲವು ವರ್ಷಗಳ ಹಿಂದೆ ಅಕ್ಕಿಆಲೂರಿನ ಗೆಳೆಯರೊಬ್ಬರೊಡನೆ ನಾನು ಧಾರವಾಡದಲ್ಲಿ ಪ್ಲಾಟು ನೋಡಲು ಅಲೆದಾಡಿದ್ದುಂಟು. ಅವರದು ಬ್ಯಾಂಕಿನ ನೌಕರಿ. ಊರಿನಲ್ಲಿ ಸ್ವಂತ ಮನೆ, ಭತ್ತ ಬೆಳೆಯುವ ಸ್ವಲ್ಪ ಹೊಲ, ನಾಲ್ಕಾರು ಮಾವಿನ ಮರಗಳು ಇದ್ದವು. ಮಕ್ಕಳಿಬ್ಬರೂ ಸಣ್ಣವರು. ಹೊಲದ ಒಂದು ಭಾಗವನ್ನು ಮಾರಿ ಧಾರವಾಡದಲ್ಲಿ ಮನೆ ಮಾಡುವುದೆಂದು ಗಂಡ ಹೆಂಡತಿ ನಿಶ್ಚಯಿಸಿದ್ದರು. ಹೊರಡುವ ದಿನ ಅವರ ವೃದ್ಧ ತಾಯಿ ಕಟ್ಟೆಯ ಮೇಲೆ ಕುಳಿತು ಕೇಳಿದರು: "ಈ ಊರ ಸಾಲ್ಯಾಗ ಕಲ್ತು ನೀ ಬ್ಯಾಂಕಿನ್ಯಾಗ ಕುಂತೀಯಲ್ಲೊ ತಮ್ಮಾ. ಈಗ ಆ ಸಾಲಿ ಏನು ತಪ್ಪು ಮಾಡೇತಿ?" ಮಗ ಹೇಳಿದ್ದು ಇಷ್ಟೇ: "ಕಾಲ ಬದಲಾಗೇತಿ ಅವ್ವಾ." ಇಬ್ಬರ ಮಾತೂ ಸುಳ್ಳಾಗಿರಲಿಲ್ಲ. ಆದುದರಿಂದಲೇ ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ವಿದ್ಯೆಗಾಗಿ ಧಾರವಾಡದ ದಾರಿ ಹಿಡಿಯುವುದು ನಮ್ಮ ಭಾಗದವರಿಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿಯೇ ಅಲ್ಲಿ ನೆಲೆಯೂರಿ ಶಾಲೆಗಳನ್ನು ನಡೆಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ಹಾನಗಲ್ಲು, ಹಿರೇಕೆರೂರು, ಸವಣೂರುಗಳ ಹಳ್ಳಿಗಳಿಂದ ಹುಡುಗರು ಬುತ್ತಿಗಂಟು ಹೊತ್ತು ಹೋಗುತ್ತಿದ್ದರು. ಕೆಲವರು ಮಠದ ಉಚಿತ ಪ್ರಸಾದ ನಿಲಯಗಳಲ್ಲಿ, ಕೆಲವರು ಮಿಷನ್ನಿನ ಬೋರ್ಡಿಂಗುಗಳಲ್ಲಿ ಇದ್ದರು. ಇನ್ನು ಕೆಲವರು ವಾರಾನ್ನ ಉಂಡು, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ, ಕಲಿತರು. ಆದರೆ ಆಗ ಊರು ಬಿಡುತ್ತಿದ್ದವನು ಹುಡುಗನೊಬ್ಬನೇ. ಮನೆ ಊರಿನಲ್ಲಿಯೇ ಇರುತ್ತಿತ್ತು. ಅವನ ತಮ್ಮ ತಂಗಿಯರು ಊರ ಶಾಲೆಯಲ್ಲಿಯೇ ಓದುತ್ತಿದ್ದರು, ಅವನ ತಂದೆ ಆ ಶಾಲೆಯ ಛಾವಣಿಯ ಚಿಂತೆಯನ್ನೂ ಮಾಡುತ್ತಿದ್ದ. ಇಂದು ಹುಡುಗನಿಗಾಗಿ ಮನೆಯೇ ಊರು ಬಿಡುತ್ತದೆ. ಅದೂ ಕಾಲೇಜಿಗಾಗಿ ಅಲ್ಲ, ಒಂದನೆಯ ತರಗತಿಗಾಗಿ. ಭೇದವಿರುವುದು ಇಲ್ಲಿ.

ಇದು ನಮ್ಮ ನಾಡಿನವರ ಗೀಳು ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಬಹುಭಾಗದಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಉಪನಗರಗಳಲ್ಲಿ ಶಾಲಾ ಗಡಿರೇಖೆಯ ಈಚೆ ಮತ್ತು ಆಚೆ ಇದ್ದ ಮನೆಗಳ ಬೆಲೆಯನ್ನು ಹೋಲಿಸಿ ನೋಡಿದರು. ಶಾಲೆಯ ಪರೀಕ್ಷಾ ಅಂಕಗಳು ಶೇಕಡಾ 5ರಷ್ಟು ಹೆಚ್ಚಿದ್ದರೆ ಮನೆಗೆ ಶೇಕಡಾ 2.5ರಷ್ಟು ಹೆಚ್ಚು ಬೆಲೆ ತೆರಲು ಪಾಲಕರು ಸಿದ್ಧರಿದ್ದರೆಂದು ಅವರು ಕಂಡುಕೊಂಡರು. ಎಂದರೆ, ಶುಲ್ಕವಿಲ್ಲದ ಶಾಲೆಗೂ ಅಲ್ಲಿ ಶುಲ್ಕ ಉಂಟು. ಅದನ್ನು ಶಾಲೆಯ ಕಚೇರಿಯಲ್ಲಿ ಕಟ್ಟುವುದಿಲ್ಲ, ಮನೆ ಕೊಳ್ಳುವಾಗ ಕಟ್ಟುತ್ತಾರೆ. ಕಟ್ಟಲಾರದವರು ರೇಖೆಯ ಆಚೆಗೆ ಉಳಿಯುತ್ತಾರೆ.

ನಮ್ಮಲ್ಲಿ ಈ ರೇಖೆ ನಕ್ಷೆಯ ಮೇಲೆ ಕಾಣುವುದಿಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು, ಬಡವ ಬಲ್ಲಿದರೆನ್ನದೆ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯುವ ವ್ಯವಸ್ಥೆ ಬೇಕೆಂದು ಶಿಫಾರಸು ಮಾಡಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆಗ ನಮ್ಮ ನಗರಗಳಲ್ಲಿಯೂ ಯಾವ ವಾರ್ಡಿನಲ್ಲಿ ಮನೆ ಇದೆ ಎಂಬುದಕ್ಕೆ ಬೆಲೆ ಬಂತು. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೌಲಭ್ಯ ದೊರೆಯದಂತೆ ರಾಜ್ಯ ಸರ್ಕಾರ ನಿಯಮವನ್ನು ತಿದ್ದಿದ ಮೇಲೆ, 2019ರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಈಗ ಉಳಿದಿರುವುದು ಹಣದ ದಾರಿ. ನಾವು ಪ್ಲಾಟು ನೋಡುತ್ತಿದ್ದಾಗ ದಲಾಲಿ ಕಾಲುವೆ, ರಸ್ತೆಗಳ ಮಾತನ್ನು ಕೊನೆಗೆ ಎತ್ತುತ್ತಿದ್ದ. ಮೊದಲು ಕೈಮಾಡಿ ತೋರಿಸುತ್ತಿದ್ದುದು ಶಾಲೆಗಳ ಕಟ್ಟಡಗಳನ್ನು. ಅವುಗಳಲ್ಲಿ ಎಷ್ಟೋ ಶಾಲೆಗಳ ಹೆಸರಿನಲ್ಲಿ 'ಪಬ್ಲಿಕ್' ಎಂಬ ಶಬ್ದವಿತ್ತು. ಸಾರ್ವಜನಿಕ ಎಂಬ ಅರ್ಥದ ಶಬ್ದವನ್ನು ಹೊತ್ತ ಶಾಲೆಯೊಳಗೆ ಸಾರ್ವಜನಿಕರ ಮಕ್ಕಳೆಲ್ಲರೂ ಹೋಗಲಾರರು. ಇದನ್ನು ನಾವು ವಿಪರೀತವೆಂದು ಭಾವಿಸುವುದನ್ನೂ ಬಿಟ್ಟುಬಿಟ್ಟಿದ್ದೇವೆ.

ಹಾಗಾದರೆ ಆ ಗೆಳೆಯರು ಮಾಡಿದ್ದು ತಪ್ಪೇ? ತಪ್ಪೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಇದನ್ನು ಬರೆಯುತ್ತಿರುವ ನಾನೂ ಮಕ್ಕಳ ಓದಿಗಾಗಿ ಊರು ಬಿಟ್ಟವನೇ. ಮಗುವಿನ ಬಾಲ್ಯ ಎರಡನೆಯ ಸಲ ಬರುವುದಿಲ್ಲ. ಗಣಿತದ ಶಿಕ್ಷಕರ ಹುದ್ದೆ ಖಾಲಿ ಇರುವಾಗ, "ಸಮಾಜ ಸುಧಾರಿಸುವವರೆಗೆ ತಡೆದುಕೊ" ಎಂದು ಮಗುವಿಗೆ ಹೇಳುವ ಅಧಿಕಾರ ಯಾವ ತಂದೆಗೂ ಇಲ್ಲ. ತನ್ನ ಆದರ್ಶಕ್ಕಾಗಿ ತಾನು ಕಷ್ಟಪಡುವುದು ತ್ಯಾಗವಾದೀತು. ತನ್ನ ಆದರ್ಶಕ್ಕಾಗಿ ಮಗುವನ್ನು ಕಷ್ಟಕ್ಕೆ ಗುರಿಮಾಡಿದರೆ ಅದನ್ನು ತ್ಯಾಗವೆನ್ನಲಾಗದು.

ಆದರೂ ತಾಯಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆಲ್ಬರ್ಟ್ ಹಿರ್ಷ್‌ಮನ್ ಎಂಬ ಚಿಂತಕರು 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಕೆಡುತ್ತಿರುವ ಸಂಸ್ಥೆಯೊಂದರ ಮುಂದೆ ಮನುಷ್ಯನಿಗೆ ಎರಡು ದಾರಿಗಳಿವೆ ಎಂದು ತೋರಿಸಿದರು. ಒಂದು, ಬಿಟ್ಟು ಹೋಗುವುದು. ಇನ್ನೊಂದು, ಒಳಗಿದ್ದು ದನಿಯೆತ್ತುವುದು. ಶಾಲೆಯ ಉದಾಹರಣೆಯನ್ನೇ ತೆಗೆದುಕೊಂಡು ಅವರು ಹೇಳಿದ ಮಾತಿನ ಸಾರ ಇದು: ಗುಣಮಟ್ಟದ ಬಗೆಗೆ ಹೆಚ್ಚು ಕಾಳಜಿಯುಳ್ಳ ಪಾಲಕರೇ ಮೊದಲು ಬಿಟ್ಟು ಹೋಗುತ್ತಾರೆ, ಉಳಿದಿದ್ದರೆ ಎಲ್ಲರಿಗಿಂತ ಗಟ್ಟಿಯಾಗಿ ದನಿಯೆತ್ತಬಹುದಾಗಿದ್ದವರೂ ಅವರೇ.

ಇದನ್ನು ಅಕ್ಕಿಆಲೂರಿಗೆ ಹೊಂದಿಸಿ ನೋಡೋಣ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಇಂಥ ಸಮಿತಿಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಅರ್ಜಿ ಬರೆಯಬಲ್ಲವರು, ಲೆಕ್ಕ ಕೇಳಬಲ್ಲವರು, ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಅಳುಕದೆ ನಿಲ್ಲಬಲ್ಲವರು ಒಬ್ಬೊಬ್ಬರಾಗಿ ಊರು ಬಿಟ್ಟರೆ, ಇಲ್ಲವೆ ಊರಿನಲ್ಲಿದ್ದೂ ತಮ್ಮ ಮಕ್ಕಳನ್ನು ಹಳದಿ ಬಸ್ಸಿಗೆ ಹತ್ತಿಸಿದರೆ, ಸಮಿತಿಯಲ್ಲಿ ಉಳಿಯುವವರು ಯಾರು? ಒಂದು ದಿನದ ಕೂಲಿ ಕಳೆದುಕೊಂಡು ಸಭೆಗೆ ಬರಬೇಕಾದ ತಾಯಂದಿರು. ಅವರಿಗೆ ಮಕ್ಕಳ ಮೇಲಿನ ಪ್ರೀತಿ ಕಡಿಮೆಯೇನಲ್ಲ. ಅವರ ದನಿಗೆ ಕಚೇರಿಗಳಲ್ಲಿ ಬೆಲೆ ಕಡಿಮೆ. ನಾವು ಹೊರಡುವಾಗ ನಮ್ಮ ಮಕ್ಕಳನ್ನಷ್ಟೇ ಕರೆದೊಯ್ಯುವುದಿಲ್ಲ, ಆ ತಾಯಂದಿರ ಮಕ್ಕಳಿಗೆ ನೆರವಾಗಬಹುದಾಗಿದ್ದ ದನಿಯನ್ನೂ ಒಯ್ಯುತ್ತೇವೆ. ಊರು ಬಿಟ್ಟವರು ತೀರಿಸಬೇಕಾದ ಋಣವೊಂದಿದ್ದರೆ ಅದು ಇದೇ ಎಂದು ನನಗೆ ತೋರುತ್ತದೆ.

ಈ ಮಾತು ನಮ್ಮ ಸಂಸ್ಥೆಗಳಿಗೂ ತಾಗುತ್ತದೆ. ಧರ್ಮಸಭೆಯ ಶಾಲೆಗಳ ಸುತ್ತಲೂ ನಿವೇಶನಗಳ ಬೆಲೆ ಏರುವುದನ್ನು ಕಂಡು ನಾವು ಒಳಗೊಳಗೇ ಹೆಮ್ಮೆಪಡುತ್ತೇವೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಕಳುಹಿಸಿತು. ಕಾನೂನಿನ ಮಾತನ್ನು ನ್ಯಾಯಾಲಯ ತೀರ್ಮಾನಿಸಲಿ. ಶಾಲೆಯ ಗೋಡೆಗೆ ಹೊಂದಿಕೊಂಡ ಗುಡಿಸಲಿನ ಮಗು ಒಳಗೆ ಬರಬಹುದೇ ಎಂಬುದು ಕಾನೂನಿಗಾಗಿ ಕಾಯುವ ಪ್ರಶ್ನೆಯಲ್ಲ. ಬುತ್ತಿಗಂಟಿನೊಡನೆ ಬಂದ ಹುಡುಗರಿಗೆ ಬೋರ್ಡಿಂಗಿನ ಬಾಗಿಲು ತೆರೆದವರ ವಾರಸುದಾರರು ನಾವು.

ಮನೆ ಕೊಳ್ಳಲು ಹೊರಟವರು ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು. ಪ್ಲಾಟಿನ ಹತ್ತಿರದ ಸರ್ಕಾರಿ ಶಾಲೆಯ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿ, ತರಗತಿಗಳನ್ನು ಕಣ್ಣಾರೆ ಕಂಡು, ಶಿಕ್ಷಕರೊಡನೆ ಮಾತನಾಡಿ ಬರಬೇಕು. ನಮ್ಮಲ್ಲಿ ಅನೇಕರು ನೋಡದೆಯೇ ತಿರಸ್ಕರಿಸುತ್ತೇವೆ. ನೋಡಿಯೂ ಬೇಡವೆನಿಸಿದರೆ ಅದು ಬೇರೆ ಮಾತು. ಎರಡನೆಯದಾಗಿ, ನಾವು ಒಳ್ಳೆಯ ಕಲಿಕೆಯನ್ನು ಹುಡುಕುತ್ತಿದ್ದೇವೆಯೋ, ಇಲ್ಲವೆ ಕೂಲಿಕಾರರ ಮಕ್ಕಳಿಲ್ಲದ ತರಗತಿಯನ್ನು ಹುಡುಕುತ್ತಿದ್ದೇವೆಯೋ ಎಂದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮೊದಲನೆಯದು ಪಾಲಕರ ಕರ್ತವ್ಯ. ಎರಡನೆಯದನ್ನು ಮಗು ನಮ್ಮಿಂದ ಯಾವ ಪುಸ್ತಕವೂ ಇಲ್ಲದೆ ಕಲಿತುಬಿಡುತ್ತದೆ. ಮೂರನೆಯದಾಗಿ, ಬಿಟ್ಟು ಬಂದ ಶಾಲೆಗೆ ನಮ್ಮ ದನಿಯನ್ನಾದರೂ ಉಳಿಸಿ ಬರಬೇಕು.

ಆ ಗೆಳೆಯರು ಕೊನೆಗೆ ಧಾರವಾಡದಲ್ಲಿ ಮನೆ ಕೊಂಡರು. ಮಕ್ಕಳು ಖಾಸಗಿ ಶಾಲೆಗೇ ಹೋದರು. ಆದರೆ ಪ್ರತಿ ವರ್ಷ ಶಾಲೆ ಪ್ರಾರಂಭವಾಗುವ ವಾರದಲ್ಲಿ ಅವರು ಎರಡು ದಿನ ರಜೆ ಹಾಕಿ ಊರಿಗೆ ಬರುತ್ತಾರೆ. ತಾವು ಕಲಿತ ಶಾಲೆಯ ಸಮಿತಿಯವರೊಡನೆ ಕುಳಿತು ಖಾಲಿ ಹುದ್ದೆಗಳ ಪಟ್ಟಿ ಮಾಡಿ, ಅರ್ಜಿ ಬರೆದು, ಅವರೊಡನೆ ಹಾನಗಲ್ಲಿನ ಕಚೇರಿಗೆ ಹೋಗಿ ಬರುತ್ತಾರೆ. ಒಂದು ವರ್ಷ ಅತಿಥಿ ಶಿಕ್ಷಕರೊಬ್ಬರು ಬಂದರು, ಮರುವರ್ಷ ಯಾರೂ ಬರಲಿಲ್ಲ. ಅರ್ಜಿ ಬರೆಯುವುದು ಮಾತ್ರ ನಿಂತಿಲ್ಲ. ಅವರ ತಾಯಿ ಈಗಿಲ್ಲ. ಅವರ ಪ್ರಶ್ನೆಗೆ ಇದು ಪೂರ್ಣ ಉತ್ತರವೆಂದು ಮಗನೂ ಹೇಳುವುದಿಲ್ಲ. ಶಾಲೆ ಏನೂ ತಪ್ಪು ಮಾಡಿರಲಿಲ್ಲ ಎಂಬುದನ್ನು ಮಾತ್ರ ಅವರು ಮರೆತಿಲ್ಲ.