ಮರಳುಗಾಡಿನ ದಾರಿಯಲ್ಲಿ ಒಂದು ಬಾಟಲಿ ನೀರು





ಈ ವಾರ ನಾವು ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನದ ಬಗ್ಗೆ ಓದುತ್ತಿದ್ದೇವೆ. ಇವತ್ತಿನ ಸರದಿ ನನ್ನದು. ಜಾತಕ ಕಥೆಗಳಲ್ಲಿ ಎರಡನೆಯದಾದ ವಣ್ಣುಪಥ ಜಾತಕವನ್ನು ಹೇಳೋಣವೆಂದು ಗುರುತು ಹಾಕಿಕೊಂಡಿದ್ದೆ. ವಣ್ಣುಪಥ ಎಂದರೆ ಮರಳಿನ ದಾರಿ. ಆದರೆ ಆ ಕಥೆ ಓದುವಾಗಲೆಲ್ಲ ಕಳೆದ ಬೇಸಿಗೆ ರಜೆಯಲ್ಲಿ ನಾನೇ ಕಂಡ ಇನ್ನೊಂದು ಮರಳುಗಾಡಿನ ದಾರಿ ನೆನಪಾಗುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಅವನೇ ಟಿಕೆಟ್ ತೆಗೆದು ಅವ್ವನನ್ನೂ ನನ್ನನ್ನೂ ಕರೆಸಿಕೊಂಡಿದ್ದ. ಮೇ ತಿಂಗಳ ಒಂದು ಶನಿವಾರ ಎಲ್ಲರೂ ಕಾರಿನಲ್ಲಿ ಮೊಹಾವಿ ಮರಳುಗಾಡಿನ ಕಡೆ ಹೊರಟೆವು. ಅಲ್ಲಿ ಹಾದುಹೋಗುವ ರೂಟ್ 66 ಎಂಬ ಹಳೆಯ ಹೆದ್ದಾರಿಯನ್ನು ನಮಗೆ ತೋರಿಸಬೇಕೆಂಬುದು ತಮ್ಮನ ಆಸೆ. ಹೊರಡುವ ಮುಂಚೆ ಅವ್ವ ಅಡುಗೆಮನೆಯಲ್ಲಿ ನಿಂತು ಆರು ಬಾಟಲಿ ನೀರು ತುಂಬಿದಳು. ತಮ್ಮನ ಮಗಳಿಗೆ ಹನ್ನೆರಡು ವರ್ಷ. "ಅಜ್ಜಿ, ದಾರೀಲಿ ಎಲ್ಲಾ ಕಡೆ ನೀರು ಸಿಗುತ್ತೆ" ಎಂದು ನಕ್ಕಳು. "ಸಿಗತದ ಖರೆ, ಕೇಳಬೇಕಲ್ಲ ಯವ್ವಾ" ಅಂದಳು ಅವ್ವ. ನಾನೂ ನಕ್ಕೆ. ಆ ಮಾತು ನನಗೆ ತಾಗಿದ್ದು ಬಹಳ ಹೊತ್ತಿನ ಮೇಲೆ.

ರೂಟ್ 66 ಶುರುವಾದದ್ದು 1926ರಲ್ಲಿ. ಶಿಕಾಗೋದಿಂದ ಪಶ್ಚಿಮ ಕಡಲ ತೀರದವರೆಗೆ ಎಂಟು ರಾಜ್ಯಗಳನ್ನು ದಾಟುವ ಸುಮಾರು 3,900 ಕಿಲೋಮೀಟರ್ ದಾರಿ. 1930ರ ದಶಕದಲ್ಲಿ ಧೂಳಿನ ಬಿರುಗಾಳಿ ಮತ್ತು ಬರಕ್ಕೆ ಹೊಲ ಕಳೆದುಕೊಂಡ ರೈತರು ಹಳೆಯ ಕಾರುಗಳ ಮೇಲೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಇದೇ ದಾರಿಯಲ್ಲಿ ಕೂಲಿ ಹುಡುಕಿ ಹೋದರು. ಇಂಜಿನ್ ಕಾದರೆ ಹಾಕಲೆಂದು ಕಾರಿನ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗುಹಾಕುತ್ತಿದ್ದರಂತೆ. ಆಮೇಲೆ ಪಕ್ಕದಲ್ಲಿ ದೊಡ್ಡ ರಸ್ತೆಗಳು ಬಂದವು. 1985ರಲ್ಲಿ ಇದನ್ನು ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆದರು. ಈಗ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ.

ಆದರೆ ಈ ರಸ್ತೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಾರು, ದುಡ್ಡು ಎರಡೂ ಇದ್ದ ಕಪ್ಪು ಜನರಿಗೂ ದಾರಿಯ ಎಷ್ಟೋ ಹೋಟೆಲುಗಳಲ್ಲಿ ಊಟವಿಲ್ಲ, ಮಲಗಲು ಕೋಣೆಯಿಲ್ಲ, ಕೆಲವು ಬಂಕುಗಳಲ್ಲಿ ಶೌಚಾಲಯದ ಬೀಗವೂ ತೆಗೆಯುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಕಪ್ಪು ಜನ ಇರಕೂಡದು ಎನ್ನುವ ಊರುಗಳೂ ಇದ್ದವು. ಹಾಗಾಗಿ ಅವರು ಬುತ್ತಿ, ನೀರು, ಡಬ್ಬದಲ್ಲಿ ಪೆಟ್ರೋಲು, ಎಲ್ಲವನ್ನೂ ಮನೆಯಿಂದಲೇ ಹೊತ್ತು ಹೊರಡುತ್ತಿದ್ದರು. ನ್ಯೂಯಾರ್ಕಿನ ಹಾರ್ಲೆಮ್‌ನ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಪೋಸ್ಟ್‌ಮ್ಯಾನ್, ಯಾವ ಊರಿನಲ್ಲಿ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದು ಪಟ್ಟಿ ಮಾಡಿ 1936ರಲ್ಲಿ ಒಂದು ಪುಸ್ತಕ ತಂದ. ಅದೇ 'ಗ್ರೀನ್ ಬುಕ್'. ಸುಮಾರು ಮೂವತ್ತು ವರ್ಷ ಅದು ಬಳಕೆಯಲ್ಲಿತ್ತು. ಬಾಬಾಸಾಹೇಬರ 'ಜಾತಿ ವಿನಾಶ' ಅಚ್ಚಾದದ್ದೂ 1936ರಲ್ಲೇ.

ತಮ್ಮ ಇದನ್ನೆಲ್ಲ ಹೇಳುತ್ತ ಕಾರು ಓಡಿಸುತ್ತಿದ್ದಾಗ ನನಗೆ ನೆನಪಾದದ್ದು 1901ರ ಮಸೂರು ಸ್ಟೇಷನ್. ಒಳ್ಳೆಯ ಬಟ್ಟೆ ತೊಟ್ಟ ಪುಟ್ಟ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಗೋರೆಗಾಂವಿಗೆ ಹೊರಟ ದಿನ. ಜಾತಿ ತಿಳಿದ ಕೂಡಲೇ ಒಬ್ಬ ಗಾಡಿಯವನೂ ಬರಲೊಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ಬೇಡಿದರೂ ಸಿಗಲಿಲ್ಲ. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. ಬಾಬಾಸಾಹೇಬರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ನಾನು ಪ್ರತಿ ವರ್ಷ ನನ್ನ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಹೇಳುವವಳು ನಾನೇ, ಅವ್ವ ಆರು ಬಾಟಲಿ ತುಂಬಿದಾಗ ನಕ್ಕವಳೂ ನಾನೇ.

ಈಗ ಜಾತಕಕ್ಕೆ ಬರೋಣ. ಐನೂರು ಗಾಡಿಗಳ ಒಂದು ಸಾರ್ಥ ಅರವತ್ತು ಯೋಜನದ ಮರಳುಗಾಡನ್ನು ದಾಟುತ್ತಿದೆ. ಹಗಲು ಮರಳು ಕೆಂಡದಂತೆ ಕಾಯುವುದರಿಂದ ರಾತ್ರಿ ಪಯಣ, ನಕ್ಷತ್ರ ನೋಡಿ ದಾರಿ ಹೇಳುವವನೊಬ್ಬ ಮುಂದಿನ ಗಾಡಿಯಲ್ಲಿ. ಇನ್ನೊಂದೇ ರಾತ್ರಿ, ಊರು ಬಂತೆಂದು ಉಳಿದ ನೀರು, ಸೌದೆ ಎಲ್ಲ ಚೆಲ್ಲಿದರು. ದಾರಿ ಹೇಳುವವನಿಗೆ ನಿದ್ದೆ ಹತ್ತಿತು, ಎತ್ತುಗಳು ತಿರುಗಿದವು. ಬೆಳಗಾದಾಗ ನೋಡಿದರೆ ಹಿಂದಿನ ದಿನ ಬಿಡಾರ ಹೂಡಿದ್ದ ಜಾಗದಲ್ಲೇ ಇದ್ದಾರೆ. ಎಲ್ಲರೂ ಗಾಡಿಗಳ ಕೆಳಗೆ ಬಿದ್ದುಕೊಂಡರು. ಸಾರ್ಥದ ನಾಯಕ ಮಾತ್ರ ಒಂದು ಹುಲ್ಲಿನ ಪೊದೆ ಕಂಡು, ಇಲ್ಲಿ ನೀರಿರಬೇಕೆಂದು ಅಗೆಸಿದ. ಅರವತ್ತು ಮೊಳ ಅಗೆದ ಮೇಲೆ ಬಂಡೆ ಸಿಕ್ಕಿತು. ಎಲ್ಲರೂ ಕೈಚೆಲ್ಲಿದರು. ನಾಯಕ ಕೆಳಗಿಳಿದು ಬಂಡೆಗೆ ಕಿವಿಯಿಟ್ಟ. ಒಳಗೆ ನೀರಿನ ಸದ್ದು. ಕೆಲಸದ ಹುಡುಗನೊಬ್ಬನನ್ನು ಕರೆದು ಸುತ್ತಿಗೆ ಕೊಟ್ಟ. ಹುಡುಗ ಇಳಿದು ಹೊಡೆದ, ಬಂಡೆ ಸೀಳಿತು, ನೀರು ಚಿಮ್ಮಿತು.

ಪ್ರಯತ್ನ ಬಿಟ್ಟು ಕುಳಿತ ಒಬ್ಬ ಭಿಕ್ಷುವಿಗಾಗಿ ಭಗವಾನರು ಹೇಳಿದ ಕಥೆಯಿದು. ಆ ಭಿಕ್ಷುವೇ ಹಿಂದಿನ ಜನ್ಮದಲ್ಲಿ ಆ ಹುಡುಗನಾಗಿದ್ದ ಎನ್ನುತ್ತದೆ ಜಾತಕ. ಹಿಂದಿನ ಜನ್ಮದ ಲೆಕ್ಕ ನನಗೆ ಬೇಡ. ನನಗೆ ಮುಖ್ಯವಾದದ್ದು, ಸುತ್ತಿಗೆ ಕೆಲಸದ ಹುಡುಗನ ಕೈಗೆ ಬಂತು ಎಂಬುದು. ಮತ್ತೆ, ಆ ಬಂಡೆ ಅರವತ್ತು ಮೊಳ ಅಗೆದ ಮೇಲೆ ಸಿಕ್ಕಿದ್ದು. ಮಹಾಡದ ಕೆರೆ, ಸಂವಿಧಾನದ 17ನೇ ವಿಧಿ, ನಾಗಪುರದ ದೀಕ್ಷೆ, ನಮ್ಮ ಓದು, ನೌಕರಿ, ಎಲ್ಲವನ್ನೂ ನಾನು ಆ ಅರವತ್ತು ಮೊಳವೆಂದೇ ಓದುತ್ತೇನೆ. ಬಂಡೆ ಯಾವುದೆಂದು ಗೊತ್ತಾದದ್ದು ಅವತ್ತು.

ಲಡ್ಲೋ ಎಂಬ ಸಣ್ಣ ಊರು ದಾಟಿ ಆಂಬಾಯ್ ಕಡೆ ಹೋಗುತ್ತಿದ್ದೆವು. ಎರಡೂ ಕಡೆ ಒಣ ಕುರುಚಲು, ಬೋಳು ಗುಡ್ಡ, ದೂರದಲ್ಲಿ ಗೂಡ್ಸ್ ರೈಲು. ಕಲಬುರಗಿ ಬಿಸಿಲು ಉಂಡು ಬೆಳೆದ ನನಗೂ ಕಣ್ಣು ಕುಕ್ಕುವಂಥ ಬಿಸಿಲು. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿದ ಗಾಡಿ, ಪಕ್ಕದಲ್ಲಿ ಒಬ್ಬ ಮುದುಕ, ಬಿಳಿಯ. ಗೆಳೆಯ ಸಹಾಯ ತರಲು ಹೋಗಿದ್ದಾನಂತೆ. ತಮ್ಮ ನೀರು ಬೇಕೇ ಎಂದು ಕೇಳಿದ, ಅವನು ಹೂಂ ಅಂದ.

ಅವ್ವ ಬಾಟಲಿ ಹಿಡಿದು ಇಳಿದಳು. ಇಳಿದವಳು ಅಲ್ಲೇ ನಿಂತು ನನ್ನ ಕಡೆ ತಿರುಗಿ, "ನಮ್ಮ ಕೈ ನೀರ ಕುಡಿತಾನೋ ಇಲ್ಲೋ, ಕೇಳ್ಯವ್ವಾ ಮೊದಲ" ಅಂದಳು.

ಎಪ್ಪತ್ತೊಂದು ವರ್ಷ. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ನನ್ನ ಪಕ್ಕದಲ್ಲೇ ನಿಂತು ಹೇಳಿದವಳು. ಜಾತಿಯ ಹೆಸರನ್ನೇ ಕೇಳದ ಆ ಮುದುಕನ ಮುಂದೆ ಬಾಟಲಿ ಎದೆಗೆ ಒತ್ತಿಕೊಂಡು ನಿಂತಿದ್ದಾಳೆ. ನನ್ನ ಬಾಯಿಂದ ಮಾತೇ ಬರಲಿಲ್ಲ. ಅವ್ವ ಬಾಟಲಿಯನ್ನು ಮೇಲಕ್ಕೆತ್ತಿದಳು, ಅವನ ಬೊಗಸೆಗೆ ಸುರಿಯಲು. ಮುದುಕನಿಗೆ ಏನೂ ತಿಳಿಯಲಿಲ್ಲ. ಕೈ ಚಾಚಿ ಬಾಟಲಿಯನ್ನೇ ತೆಗೆದುಕೊಂಡ, ಬಾಯಿಗಿಟ್ಟು ಅರ್ಧ ಕುಡಿದ, "ಥ್ಯಾಂಕ್ಯೂ ಮ್ಯಾಮ್" ಎಂದು ಹಿಂದಕ್ಕೆ ಕೊಟ್ಟ. ಅವ್ವ ಇನ್ನೆರಡು ಬಾಟಲಿ ಅವನ ಗಾಡಿಯ ಮೇಲೆ ಇಟ್ಟು ಬಂದಳು.

ಕಾರು ಹೊರಟ ಮೇಲೆ ತಮ್ಮನ ಮಗಳು, "ಅಜ್ಜಿ, ಬಾಟಲಿ ಯಾಕೆ ಅಷ್ಟು ಮೇಲೆ ಎತ್ತಿದೆ?" ಎಂದು ಕೇಳಿದಳು. ತಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಾತು ಬದಲಿಸೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ, ಆ ಮುದುಕ ಕುಡಿದು ಉಳಿಸಿದ್ದ ಬಾಟಲಿಯಿಂದ ಒಂದು ಗುಟುಕು ಕುಡಿದು, ತನ್ನ ತವರಿನ ಬಾವಿಯ ಕಥೆ ಶುರುಮಾಡಿದಳು. ಯಾರಾದರೂ ಸೇದಿ ಹಾಕುವವರೆಗೆ ಕೊಡ ಇಟ್ಟುಕೊಂಡು ದೂರ ಕೂತಿರುತ್ತಿದ್ದದ್ದು, ಹೊತ್ತು ನೆತ್ತಿಗೆ ಬರುತ್ತಿದ್ದದ್ದು. ನಮ್ಮಿಬ್ಬರಿಗೂ ಅದನ್ನು ಅವಳು ಎಂದೂ ಹೇಳಿರಲಿಲ್ಲ. ಆಂಬಾಯ್ ಬಂದು ಕಾರು ನಿಂತರೂ ಹುಡುಗಿ ಇಳಿಯಲಿಲ್ಲ. "ಆಮೇಲೆ, ಅಜ್ಜಿ?" ಎಂದು ಕೇಳುತ್ತಲೇ ಇದ್ದಳು.

ಜೈ ಭೀಮ್.